ಹರ್ಷಿತಳ ಮನೆಯಲ್ಲಿ ಬಿಟ್ಟುಬಂದ ರೆಕಾರ್ಡ್

ಬೂದಿಗೆರೆ ಬಸ್ ಸ್ಟಾಪಿನಲ್ಲಿ ಬ್ಯಾಗಿಗೆ ಕೈಹಾಕಿದರೆ ಎಲೆ ಅಡಿಕೆ ಇತ್ತು, ಬಾಳೆಹಣ್ಣು ಇತ್ತು, ಕುಂಕುಮದ ಪೊಟ್ಟಣವೂ ಇತ್ತು. ಫೀಲ್ಡ್‌ವರ್ಕ್ ರೆಕಾರ್ಡ್ ಮಾತ್ರ ಇರಲಿಲ್ಲ. ಎಲ್ಲಿ ಬಿಟ್ಟೆ ಎಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹರ್ಷಿತಳ ಮನೆಯಲ್ಲಿ, ಟಿವಿ ಪಕ್ಕದಲ್ಲಿ.

ನಾನು ದೇವನಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್.ಡಬ್ಲ್ಯೂ. ಎರಡನೇ ವರ್ಷ. ಸಮಾಜಕಾರ್ಯ ಓದುತ್ತಿದ್ದೇನೆ ಅಂದರೆ ನಮ್ಮ ಚಿಕ್ಕಪ್ಪ ಇವತ್ತಿಗೂ, "ಹಂಗಂದ್ರೆ ಯಾವ್ ಕೆಲ್ಸ ಸಿಗ್ತದಮ್ಮಾ ಪ್ರಮೋದಾ?" ಅಂತಲೇ ಕೇಳುತ್ತಾರೆ. ವಾರಕ್ಕೆ ಎರಡು ದಿನ ಹಳ್ಳಿಯಲ್ಲಿ ಮನೆಭೇಟಿ ಮಾಡಬೇಕು, ಪ್ರತಿ ಭೇಟಿಗೂ ಮನೆಯವರ ಸಹಿ ಹಾಕಿಸಬೇಕು, ಕಂಡಿದ್ದು ಕೇಳಿದ್ದನ್ನೆಲ್ಲ ಅದೇ ಪುಸ್ತಕದಲ್ಲಿ ವರದಿ ಬರೆಯಬೇಕು.

ಹೋದ ಶುಕ್ರವಾರ ಹರ್ಷಿತ ನನ್ನನ್ನು ಹಿತ್ತಲಿನ ನೀರಿನ ತೊಟ್ಟಿ ಹತ್ತಿರ ಕರೆದಳು. ಹದಿನಾರು ವರ್ಷದ ಹುಡುಗಿ, ಮೊದಲನೇ ಪಿಯುಸಿ. ತಾಯಿ ಇಲ್ಲ. ತಂದೆ ಬೈಲಪ್ಪ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಕೆಲಸಕ್ಕೆ ಹೋಗುತ್ತಾರೆ, ಮನೆ ನೋಡಿಕೊಳ್ಳುವವರು ಅಜ್ಜಿ ಸಪ್ಪಲಮ್ಮ. "ಅಕ್ಕ, ಇಪ್ಪತ್ಮೂರಕ್ಕೆ, ಭಾನ್ವಾರ ನಂಗೆ ಹೂ ಮುಡಿಸ್ತಾರೆ. ನಮ್ ಸೋದರಮಾವಂಗೆ ಕೊಡ್ತಾರಂತೆ. ನಂಗ್ ಬೇಡ. ಅಪ್ಪಂಗೆ ಗೊತ್ತಾದ್ರೆ ನನ್ನ ನಾಳೇನೇ ಮಾವನ ಊರಿಗೆ ಸಾಗಿಸ್ತಾರೆ, ಹೇಳ್ಬೇಡಿ" ಅಂದಳು.

ಅವತ್ತೇ ನಮ್ಮ ಫೀಲ್ಡ್‌ವರ್ಕ್ ನೋಡಿಕೊಳ್ಳುವ ಉಮಾಶಂಕರ್ ಸರ್‌ಗೆ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಇಂಥ ಕೇಸು ಇಡೀ ಕ್ಲಾಸಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಚೆನ್ನಾಗಿ ಬರೆದು ಈ ಶನಿವಾರ ಕೊಟ್ಟರಾಯಿತು, ಅಂಕವೂ ಬರುತ್ತದೆ, ಸರ್ ಅಧಿಕಾರಿಗಳಿಗೆ ತಿಳಿಸುತ್ತಾರೆ ಅಂದುಕೊಂಡೆ. ಅಷ್ಟು ದುರಾಸೆ ನನಗೆ. ವರದಿಯಲ್ಲಿ ನಿಜವಾದ ಹೆಸರು ಹಾಕಬಾರದು ಎಂದು ಸರ್ ಬಡಿದುಕೊಂಡಿದ್ದರೂ, ಆಮೇಲೆ ಅಳಿಸಿದರಾಯಿತು ಎಂದು ಹರ್ಷಿತ, ಬೈಲಪ್ಪ, ಎಲ್ಲವನ್ನೂ ದುಂಡಗೆ ಬರೆದಿಟ್ಟಿದ್ದೆ.

ಇವತ್ತು ಸಪ್ಪಲಮ್ಮನ ಹೆಬ್ಬೆಟ್ಟು ಹಾಕಿಸಿಕೊಂಡು ಏಳುವಾಗ, "ಶುಕ್ರವಾರ ಹೆಣ್ಮಗ್ಳು ಬರಿಗೈಲಿ ಹೋಗ್ಬಾರ್ದು" ಎಂದು ಅವರು ತಾಂಬೂಲ ತಂದರು. ಒಂದು ಕೈಯಲ್ಲಿ ತೆಗೆದುಕೊಳ್ಳುವ ಹಾಗಿಲ್ಲವಲ್ಲ. ಪುಸ್ತಕ ಟಿವಿ ಪಕ್ಕದಲ್ಲಿಟ್ಟು, ವೇಲಿನ ಸೆರಗು ಎರಡೂ ಕೈಯಲ್ಲಿ ಒಡ್ಡಿದೆ. ಸೆರಗು ತುಂಬಿದ್ದನ್ನು ಬ್ಯಾಗಿಗೆ ಹಾಕಿಕೊಂಡು, ಕಾಲಿಗೆ ನಮಸ್ಕಾರ ಮಾಡಿ ಹೊರಟುಬಂದಿದ್ದೆ.

ಸರ್‌ಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎರಡು ಕಿಲೋಮೀಟರ್ ದಾರಿ. ಲೇಔಟಿನ ಉದ್ದನೆಯ ಕಾಂಪೌಂಡ್ ಪಕ್ಕದಲ್ಲಿ ಒಮ್ಮೆ ಓಡುತ್ತಾ, ಒಮ್ಮೆ ನಡೆಯುತ್ತಾ ವಾಪಸ್ ಹೊರಟೆ. ಬೈಲಪ್ಪ ನಾಲ್ಕು ಗಂಟೆಗೆ ಮನೆಗೆ ಬರುತ್ತಾರೆ, ಆಗಲೇ ನಾಲ್ಕೂಕಾಲು. ಅವರು ಓದಿಬಿಟ್ಟಿದ್ದರೆ? ಆ ಹುಡುಗಿಯನ್ನು ಹೊಡೆದಿದ್ದರೆ? ಗಾಡಿ ಹತ್ತಿಸಿಬಿಟ್ಟಿದ್ದರೆ? ಏನೇ ಆದರೂ ಅದು ನನ್ನಿಂದ ಆದದ್ದು.

ಬೈಲಪ್ಪ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ರೆಕಾರ್ಡ್ ಅವರ ತೊಡೆಯ ಮೇಲೆ ತೆರೆದಿತ್ತು.

"ಬನ್ನಿ ಮೇಡಮ್, ನಿಮ್ ಪುಸ್ತಕ ಇಲ್ಲೇ ಬಿಟ್ಟಿದ್ರಂತೆ" ಅಂದರು.

"ಹೌದಣ್ಣಾ, ಕೊಟ್ಬಿಡಿ, ಬಸ್ಸಿಗೆ ಹೊತ್ತಾಯ್ತು" ಎಂದು ಕೈಚಾಚಿದೆ. ಅವರು ಕೊಡಲಿಲ್ಲ.

"ನನ್ ಹೆಸ್ರು ಕಾಣ್ತು. ನಾನು ಮೂರ್ನೇ ಕ್ಲಾಸಿಗೇ ಬಿಟ್ಟೋನು, ಹೆಸ್ರು ಬಿಟ್ರೆ ಈ ಕೈಬರಹ ನಂಗೆ ಹತ್ತಲ್ಲ. ಏನ್ ಬರ್ದಿದೀರಾ ನಮ್ ಬಗ್ಗೆ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಒಳಗೆ ಕೂಗಿದರು. "ಹರ್ಷಿತಾ, ಬಾಮ್ಮಾ ಇಲ್ಲಿ. ಇದೇನು ಓದು."

ಹರ್ಷಿತ ಬಂದು ಪುಸ್ತಕ ತೆಗೆದುಕೊಂಡಳು. ಪುಟ ನೋಡಿದಳು, ನನ್ನನ್ನು ನೋಡಿದಳು. ಮನೆಯಲ್ಲಿ ಎರಡು ಹಸು ಇವೆ, ಶೌಚಾಲಯ ಇದೆ, ಏನಾದರೂ ಕಟ್ಟಿ ಹೇಳು ತಾಯಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸಪ್ಪಲಮ್ಮನೂ ಬಾಗಿಲಿಗೆ ಬಂದು ನಿಂತರು.

"ಕುಮಾರಿ ಹರ್ಷಿತ, ಬೈಲಪ್ಪನವರ ಮಗಳು" ಎಂದು ಅವಳು ಶುರುಮಾಡಿದಳು. "ವಯಸ್ಸು ಹದಿನಾರು. ಇದೇ ಇಪ್ಪತ್ತಮೂರಕ್ಕೆ ಇವಳಿಗೆ ಸೋದರಮಾವನ ಜೊತೆ ಮದುವೆ ಗೊತ್ತುಮಾಡಿ ಹೂ ಮುಡಿಸಲಿದ್ದಾರೆ. ಇದು ಇವಳಿಗೆ ಇಷ್ಟವಿಲ್ಲ."

ಬೈಲಪ್ಪನ ಮುಖ ನೋಡುವ ಧೈರ್ಯವಾಗದೆ ಅವರ ಪಾದವನ್ನೇ ನೋಡುತ್ತಾ ನಿಂತೆ. ಹರ್ಷಿತ ಪುಟ ತಿರುಗಿಸಿದಳು.

"ಇವಳಿಗೆ ಓದೋ ಆಸೆ. ಮಾವ ಅಂದ್ರೆ ಚಿಕ್ಕೋಳಿದ್ದಾಗ ಎತ್ತಿ ಆಡಿಸ್ದೋನು, ಅವನ್ನ ಗಂಡ ಅನ್ಕೊಳಕ್ ಆಗ್ತಿಲ್ಲ. ಅಮ್ಮ ಇದ್ದಿದ್ರೆ ಅಮ್ಮಂಗೆ ಹೇಳ್ತಿದ್ಲು. ರಾತ್ರಿ ಊಟ ಇಳೀತಿಲ್ಲ, ಅದು ಅಪ್ಪಂಗೆ ಕಾಣ್ತಿಲ್ಲ."

ನಾನು ತಲೆ ಎತ್ತಿದೆ. ಆ ಮಾತೊಂದನ್ನೂ ನಾನು ಬರೆದಿರಲಿಲ್ಲ. ನನ್ನ ವರದಿ ಹಿಂದಿನ ಪುಟಕ್ಕೇ ಮುಗಿದಿತ್ತು.

ಬೈಲಪ್ಪ ಎದ್ದು ಪುಸ್ತಕ ಕಿತ್ತುಕೊಂಡರು. ಹೊಡೆಯುತ್ತಾರೆ ಎಂದೇ ನಾನು ಅವಳ ತೋಳು ಹಿಡಿದು ನನ್ನ ಕಡೆ ಎಳೆದುಕೊಂಡೆ. ಅವರು ಹೊಡೆಯಲಿಲ್ಲ. ಆ ಪುಟವನ್ನು ನೋಡಿದರು, ಹಿಂದೆ ತಿರುಗಿಸಿದರು, ಮತ್ತೆ ಮುಂದೆ ತಿರುಗಿಸಿದರು.

"ಇಲ್ಲೇನೂ ಬರ್ದೇ ಇಲ್ವಲ್ಲಮ್ಮಾ" ಅಂದರು.

"ಇಲ್ಲಪ್ಪಾ" ಅಂದಳು ಹರ್ಷಿತ. "ಅದು ನಾನೇ ಹೇಳಿದ್ದು."

"ಮೇಡಮ್ಮೋರ್ ಹತ್ರ ಹೇಳ್ದೆ. ನನ್ ಹತ್ರ ಹೇಳೋಕೆ ಅಷ್ಟೊಂದ್ ಭಯಾನಾ?"

"ಹೂಂ. ಈಗ್ಲೂ ಭಯಾನೇ ಆಗ್ತಾ ಐತೆ."

ಬೈಲಪ್ಪ ಮತ್ತೆ ಮೆಟ್ಟಿಲ ಮೇಲೆ ಕೂತರು. "ಕೊಟ್ಟ ಮಾತು ಕಣೋ" ಎಂದು ಸಪ್ಪಲಮ್ಮ ಏನೋ ಹೇಳಹೊರಟರು. ಬೈಲಪ್ಪ ಕೈ ಎತ್ತಿ ತಡೆದು, ಜೇಬಿನಿಂದ ಫೋನ್ ತೆಗೆದು ಹರ್ಷಿತಳ ಮಾವನಿಗೆ ಮಾಡಿದರು.

"ಮನೋಹರಾ, ಭಾನ್ವಾರ ಬರ್ಬೇಡಪ್ಪಾ" ಅಂದರು. ಆ ಕಡೆಯಿಂದ ಯಾಕೆ ಎಂದು ಕೇಳಿರಬೇಕು. ಬೈಲಪ್ಪ ಹರ್ಷಿತಳ ಕಡೆ ತಿರುಗಿ ನೋಡಿದರು. ಅವಳು ನನ್ನ ಕೈಯಿಂದ ತೋಳು ಬಿಡಿಸಿಕೊಂಡು ಹೋಗಿ, "ಕೊಡಪ್ಪಾ, ಮಾವಂಗೆ ನಾನೇ ಹೇಳ್ತೀನಿ" ಅಂದಳು.