ವರ್ಷ ತುಂಬದ ಸಾಲು

ಅವರ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. ಡಿಪೋದವರಿಗೆಲ್ಲ ಅವರು ಗಡಿಯಾರಪ್ಪ, ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಟೈಮ್‌ಕೀಪರ್. ಬೆಳಗಿನ ಮೊದಲ ಬಸ್ಸು ಇಪ್ಪತ್ತಾರು ವರ್ಷಗಳಲ್ಲಿ ಒಂದು ದಿನವೂ ಐದೂವರೆ ಮೀರಿ ಗೇಟು ದಾಟಿದ್ದಿಲ್ಲ. ಡ್ರೈವರ್ ಲೋಟ ಹಿಡಿದು ನಿಂತಿದ್ದರೆ, "ಆರಿದ ಚಹಾ ಬಿಸಿ ಮಾಡಬಹುದಪ್ಪ, ಹೋದ ನಿಮಿಷ ಬಿಸಿ ಆಗಲ್ಲ" ಎಂದು ಓಡಿಸುತ್ತಿದ್ದರು.

ಅವರ ಕಿಟಕಿಯ ಪಕ್ಕದ ಕರಿಹಲಗೆಯ ಮೇಲೆ ಯಾರಿಗೆ ಯಾವ ಬಸ್ಸು ಎಂಬ ಪಟ್ಟಿ. ಅದರ ಕೆಳಗೆ, ಯಾರೂ ಕೇಳದಿದ್ದರೂ, 'ಇದೇ ದಿನ' ಎಂದು ಮೂರು ಸಾಲು. ಎರಡು ಲೋಕದ್ದು, ಒಂದು ಡಿಪೋದ್ದು. ಲೋಕದ್ದಕ್ಕೆ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ, ಡಿಪೋದ್ದಕ್ಕೆ ಹಳೆಯ ಲಾಗ್‌ಬುಕ್ಕುಗಳು. ಯಾವುದೋ ದೊರೆ ಪಟ್ಟಕ್ಕೇರಿದ ದಿನದ ಕೆಳಗೇ ಒಂಬತ್ತನೇ ನಂಬರ್ ಬಸ್ಸಿನಲ್ಲಿ ಹೆಣ್ಣುಮಗು ಹುಟ್ಟಿದ ಸುದ್ದಿಯೂ ಇರುತ್ತಿತ್ತು. ಡ್ರೈವರುಗಳು ನಗುತ್ತಿದ್ದರು, ಆದರೆ ಓದದೆ ಬಸ್ಸು ಹತ್ತುತ್ತಿರಲಿಲ್ಲ.

ಆ ಮೂರನೇ ಸಾಲಿಗೆ ಒಂದು ಕಟ್ಟುಪಾಡಿತ್ತು: ವರ್ಷ ತುಂಬದ ಸುದ್ದಿಗೆ ಜಾಗವಿಲ್ಲ. ಗಡಿಯಾರಪ್ಪನವರಿಗೆ ಈ ಬುದ್ಧಿ ಪೆಟ್ಟು ತಿಂದೇ ಬಂದದ್ದು. ಹಿಂದೆ ಒಮ್ಮೆ, ಮೂವತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ ಹಿರಿಯ ಡ್ರೈವರೊಬ್ಬರು ನಿವೃತ್ತರಾಗುವ ದಿನ, ಬೆಳಿಗ್ಗೆಯೇ ಅದನ್ನು ಹೊಗಳಿ ಬರೆದಿದ್ದರು. ಸಂಜೆ ಆ ಹಿರಿಯರು ಕೊನೆಯ ಟ್ರಿಪ್ ಮುಗಿಸಿ, ಕಣ್ಣು ತುಂಬಿಕೊಂಡು ಎಲ್ಲರಿಗೂ ಕೈ ಬೀಸುತ್ತ ಬಂದು ಬಸ್ಸನ್ನು ಡಿಪೋದ ಗೇಟಿಗೇ ಗುದ್ದಿಸಿದರು.

ಅಂಥವರು ತಾವೇ ಮಾಡಿದ ಕಟ್ಟನ್ನು ತಾವೇ ಮುರಿದದ್ದು ಅಕ್ಕನ ಮಗಳಿಗಾಗಿ.

ಅವಳು ಅದೇ ಡಿಪೋದಲ್ಲಿ ಎಂಟು ವರ್ಷದಿಂದ ಕಂಡಕ್ಟರ್. ಅವಳ ಸೀಟಿ ಊರಾಚೆಗೂ ಕೇಳುತ್ತದೆಂದು ಎಲ್ಲರ ಬಾಯಲ್ಲಿ ಸೀಟಿಯಕ್ಕ. ಕಂಡಕ್ಟರುಗಳು ಪರೀಕ್ಷೆ ಕೊಟ್ಟು ಡ್ರೈವರ್ ಆಗಬಹುದೆಂದು ಸುತ್ತೋಲೆ ಬಂದಾಗ ಅರ್ಜಿ ಹಾಕಿದ ಹೆಂಗಸು ಅವಳೊಬ್ಬಳೇ. ಗೆದ್ದವರ ಪಟ್ಟಿ ಜುಲೈ ಕೊನೆಗೆ ಮುಚ್ಚುತ್ತಿತ್ತು. ಗಡಿಯಾರಪ್ಪನವರ ನಿವೃತ್ತಿಯೂ ಅದೇ ಜುಲೈ ಕೊನೆಗೆ.

ಪರೀಕ್ಷೆ ಮೊದಲು ನಿಗದಿಯಾಗಿದ್ದು ಜುಲೈ ನಾಲ್ಕನೇ ತಾರೀಖಿಗೆ. ಪೈಪು ಹಾಕಲೆಂದು ಅಂಗಳ ಅಗೆದಿದ್ದರಿಂದ ಇಪ್ಪತ್ತಕ್ಕೆ ಹೋಯಿತು. ಇಪ್ಪತ್ತರ ಬೆಳಿಗ್ಗೆ ಗಡಿಯಾರಪ್ಪ ಪುಸ್ತಕ ಬಿಡಿಸಿದರು. ೧೯೬೯, ಮನುಷ್ಯ ಚಂದ್ರನ ಮೇಲೆ ಇಳಿದ. ೧೯೭೬, ವೈಕಿಂಗ್ ನೌಕೆ ಮಂಗಳನ ಮೇಲೆ ಇಳಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ನೌಕೆ ಇಳಿಯಬೇಕಿದ್ದುದು ಜುಲೈ ನಾಲ್ಕಕ್ಕೆ, ನೆಲ ಒರಟಾಗಿ ಕಂಡದ್ದರಿಂದ ಹದಿನಾರು ದಿನ ತಡವಾಯಿತು.

ಅವರ ಮೈ ಜುಮ್ಮೆಂದಿತು. ನಾಲ್ಕು, ಇಪ್ಪತ್ತು, ಸರಿಯಿಲ್ಲದ ನೆಲ! ಮುಂದಿನ ವರ್ಷ ಈ ದಿನ ಬಂದಾಗ ಸೀಮೆಸುಣ್ಣ ಬೇರೆ ಯಾರ ಕೈಯಲ್ಲೋ ಇರುತ್ತದೆ. ಎತ್ತಿ ಆಡಿಸಿದ ಮಗಳ ಸಾಲನ್ನು ಇನ್ಯಾರೋ ಬರೆಯುವುದು ಅವರಿಂದ ಸಹಿಸಲಾಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ದಪ್ಪಕ್ಷರದಲ್ಲಿ ಬರೆದರು: 'ಈ ಡಿಪೋದ ಮೊದಲ ಮಹಿಳಾ ಡ್ರೈವರ್ ಪರೀಕ್ಷೆ ಗೆದ್ದರು.'

ಹತ್ತು ಗಂಟೆಗೆ ಪರೀಕ್ಷಾಧಿಕಾರಿ ಬಂದರು. ಅವರೂ ಓದುವ ಚಟದವರೇ. ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಫಲಿತಾಂಶ ನೀವೇ ಬರ್ದಿಟ್ಟಿದ್ದೀರಲ್ರೀ. ಮತ್ತೆ ನಾನ್ಯಾಕೆ ಬರ್ಬೇಕಿತ್ತು?" ಎಂದು ಕಡತ ಕಂಕುಳಿಗೇರಿಸಿದರು. "ನಾನೀಗ ಪಾಸ್ ಮಾಡಿದ್ರೆ ಒಳಗೊಳಗೇ ಹೊಂದಾಣಿಕೆ ಅಂತಾರೆ. ಮುಂದಿನ ತಿಂಗಳು ಬೇರೆಯವ್ರು ಬಂದು ನೋಡ್ಲಿ."

ಮುಂದಿನ ತಿಂಗಳು! ಅಷ್ಟರಲ್ಲಿ ಪಟ್ಟಿ ಮುಚ್ಚಿರುತ್ತದೆ. ಗಡಿಯಾರಪ್ಪ ಹಲಗೆಯ ಬಳಿ ಧಾವಿಸಿದರು. ಅಂಗಿಯ ತೋಳಿನಿಂದಲೇ ಆ ಸಾಲನ್ನು ಉಜ್ಜಿದರು.

"ತಪ್ಪು ನಂದು ಸಾರ್. ಅವಳಿಗೆ ಇದು ಗೊತ್ತೂ ಇಲ್ಲ."

"ಹಲಗೆ ಒರೆಸಿದ್ರೆ ನಾನು ಓದಿದ್ದು ಅಳಿಸಿ ಹೋಗುತ್ತಾ?"

ಪರೀಕ್ಷೆಗೆಂದು ಕಾದಿದ್ದ ಸೀಟಿಯಕ್ಕ ಮುಂದೆ ಬಂದಳು. ಮಾವನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು.

"ಸಾರ್, ನಮ್ಮಾವ ಬರ್ದಿದ್ದಾರೆ ಅಂತ ನನ್ನ ಪಾಸ್ ಮಾಡ್ಬೇಡಿ. ಅವ್ರು ಬರ್ದಿದ್ದಾರೆ ಅಂತ ಪರೀಕ್ಷೆ ತಪ್ಪಿಸ್ಲೂಬೇಡಿ. ಯಾರೂ ಆಡ್ಕೊಳ್ಳೋಕೆ ಆಗ್ದಂಥ ಕಷ್ಟದ ಜಾಗ ತೋರ್ಸಿ. ಎಲ್ಲರ ಮುಂದೆ ಅಲ್ಲಿ ನಿಲ್ಲಿಸ್ತೀನಿ."

ಅಧಿಕಾರಿ ಅಂಗಳದಲ್ಲೆಲ್ಲ ಕಣ್ಣಾಡಿಸಿ, ಗೋಡೆಗೂ ಕೆಟ್ಟು ನಿಂತ ಬಸ್ಸಿಗೂ ನಡುವಿನ ಸಂದಿಗೆ ಕೈ ಮಾಡಿದರು. ಇಪ್ಪತ್ತು ವರ್ಷ ಓಡಿಸಿದ ಡ್ರೈವರುಗಳೂ ಅಲ್ಲಿಗೆ ರಿವರ್ಸ್ ಬರುವಾಗ ಮನೆದೇವರನ್ನು ನೆನೆಯುತ್ತಿದ್ದರು.

"ಹಿಂದೆ ಯಾರೂ ನಿಂತು ದಾರಿ ಹೇಳೋ ಹಾಗಿಲ್ಲ."

"ಬೇಡ ಸಾರ್."

ಗಡಿಯಾರಪ್ಪ ತಮ್ಮ ಕೋಣೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತರು. ನೋಡುವ ಧೈರ್ಯವಿರಲಿಲ್ಲ, ಕಿವಿ ಮಾತ್ರ ಹೊರಗಿತ್ತು. ಇಂಜಿನ್ ಗುರುಗುಟ್ಟಿತು. ಅದರ ಮೇಲೆ ಅವಳದೇ ದನಿ ಕೇಳಿಸಿತು, ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ..." ಎಂಟು ವರ್ಷ ಬಸ್ಸಿನ ಹಿಂದೆ ನಿಂತು, ಅದರ ಬೆನ್ನು ತಟ್ಟಿ ತಟ್ಟಿ, ಡ್ರೈವರುಗಳನ್ನು ಸಂದಿಗೆ ತೂರಿಸಿದವಳು ಅವಳು. ಡ್ರೈವರುಗಳು ಕನ್ನಡಿಯಲ್ಲಿ ಕಂಡ ಹಿಂಬದಿಯನ್ನು ಇವಳು ಕೈಯಲ್ಲಿ ಮುಟ್ಟಿ ಬಲ್ಲಳು. ಅದು ಆವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ, ಗಡಿಯಾರಪ್ಪನವರಿಗೂ.

"ಹೋಲ್ಡಾನ್!" ಎಂದು ಅವಳೇ ಕೂಗಿದಳು.

ಇಂಜಿನ್ ನಿಂತಿತು. ಗಡಿಯಾರಪ್ಪ ಹೊರಗೆ ಓಡಿದರು. ಅಧಿಕಾರಿ ಹೊಟ್ಟೆ ಒಳಗೆಳೆದುಕೊಂಡು ಸಂದಿಗೆ ತೂರಿ, ಗೋಡೆ ಕಡೆ ಗೇಣು ಹಾಕಿದರು, ಈಚೆ ಕಡೆ ಗೇಣು ಹಾಕಿದರು. ಆಚೆ ಎರಡು ಗೇಣು, ಈಚೆ ಎರಡು ಗೇಣು. ಬಸ್ಸಿನ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು.

"ಈಗ ಬೇಕಾದ್ರೆ ಬರ್ಕೊಳ್ಳಿ," ಎಂದು ಟೈಮ್‌ಕೀಪರ್ ಕಡೆ ತಿರುಗಿದರು.

ಗಡಿಯಾರಪ್ಪನವರ ಕೈ ಜೇಬಿನ ಸೀಮೆಸುಣ್ಣಕ್ಕೆ ಹೋಗಿ ಅಲ್ಲೇ ನಿಂತಿತು. "ಬೇಡ ಸಾರ್. ವರ್ಷ ತುಂಬ್ಲಿ." ಆಸೆಯಿರಲಿಲ್ಲವೆಂದಲ್ಲ. ಹನ್ನೊಂದು ದಿನ ಕಳೆದು, ಕಿಟಕಿಯ ಬೀಗದ ಕೈಯ ಜೊತೆ ಸೀಮೆಸುಣ್ಣವನ್ನೂ ಒಪ್ಪಿಸಿ ಅವರು ಮನೆಗೆ ಹೋದರು.

ಮರುವರ್ಷ ಜುಲೈ ಇಪ್ಪತ್ತರಂದು, ಐದೂಕಾಲಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಡಿಯಾರಪ್ಪ ಡಿಪೋಗೆ ಬಂದರು. ಸುಮ್ಮನೆ ನೋಡಿ ಹೋಗೋಣವೆಂದು ಬಂದದ್ದು, ಹಾಗೆಂದು ಮನೆಯಲ್ಲೂ ಹೇಳಿದ್ದರು. ಹಲಗೆಯ ಮೇಲೆ ಚಂದ್ರ ಇದ್ದ, ಮಂಗಳ ಇದ್ದ. ಮೂರನೇ ಸಾಲು ಖಾಲಿ. ಅವರ ಮುಖ ಸಣ್ಣದಾಯಿತು.

ಮೊದಲ ಬಸ್ಸಿನ ಕಿಟಕಿಯಿಂದ ಒಂದು ಕೈ ಹೊರಬಂತು. ಅದರಲ್ಲಿ ಸೀಮೆಸುಣ್ಣ.

"ವರ್ಷ ತುಂಬ್ತು ಮಾವ. ಬರೀರಿ."

"ಮೊದ್ಲು ನೀನು ಹೊರಡು ತಾಯಿ, ಹೊತ್ತಾಯ್ತು!"

"ನೀವು ಬರೆಯೋವರೆಗೂ ನಾನು ಗೇರ್ ಹಾಕಲ್ಲ."

ಗಡಿಯಾರಪ್ಪ ಸೀಮೆಸುಣ್ಣ ತೆಗೆದುಕೊಂಡರು. ಕಣ್ಣು ಮಂಜಾಗಿ ಒಂದು ಅಕ್ಷರ ಎರಡು ಸಲ ಬರೆದು, ಒಂದನ್ನು ಒರೆಸಿದರು. ಪ್ರಯಾಣಿಕರೂ ಇಣುಕಿ ನೋಡುತ್ತಿದ್ದರು. ಮುಗಿಸಿ ತಿರುಗಿದಾಗ ಗೋಡೆ ಗಡಿಯಾರದಲ್ಲಿ ಐದು ಮೂವತ್ತನಾಲ್ಕು.

ಹೊಸ ಟೈಮ್‌ಕೀಪರ್ ಲಾಗ್‌ಬುಕ್ ಬಿಡಿಸಿ ಪೇಚಾಡುತ್ತಿದ್ದ. "ತಡಕ್ಕೆ ಕಾರಣ ಏನಂತ ಬರೀಲಿ ಸಾರ್?"

ಗಡಿಯಾರಪ್ಪ ಪೆನ್ನು ಇಸಿದುಕೊಂಡು ತಾವೇ ಬರೆದರು: 'ನಾಲ್ಕು ನಿಮಿಷ ತಡ. ಕಾರಣ: ಹಳೇ ಟೈಮ್‌ಕೀಪರ್.' ಆಮೇಲೆ ಮೆಟ್ಟಿಲ ಮೇಲೆ ನಿಂತು, ತಡವಾದ ಬಸ್ಸೊಂದು ಗೇಟು ದಾಟುವುದನ್ನು ಜೀವಮಾನದಲ್ಲಿ ಮೊದಲ ಸಲ ನಗುತ್ತ ನೋಡಿದರು.