ಹೆಬ್ಬೆರಳಿನ ಗುಳಿ

ನನ್ನವರು ತೀರಿಕೊಂಡ ಮೇಲೆ ಅತ್ತೆ ನನ್ನನ್ನು ಕೇಳಿದ್ದು ಒಂದೇ.

"ಅವನ ಬಟ್ಟೆಬರೆ ಯಾರಿಗಾದ್ರೂ ಕೊಡು. ಕೋಲು ಮಾತ್ರ ನಂಗೆ ತಂದ್ಕೊಡಮ್ಮ. ಅವನ ಕೈ ಅದರಲ್ಲಿದೆ."

ನಿಜ. ಒಂದು ಕೋಲಿನ ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ಗುಳಿಯಿತ್ತು.

ನನ್ನ ಗಂಡ ವಿಶ್ವವಿದ್ಯಾಲಯದಲ್ಲಿ ಕೋಲಾಟ ಕಲಿಸುತ್ತಿದ್ದರು. ಯಾವ ವಿಭಾಗದವರೂ ಸೇರಬಹುದಾದ ತರಗತಿ. ಹತ್ತಾರು ಭಾಷೆಯ ಮಕ್ಕಳು. ಒಬ್ಬರನ್ನೊಬ್ಬರು ಕಂಡರಾಗದವರನ್ನು ಬೇಕೆಂದೇ ಎದುರುಬದುರು ನಿಲ್ಲಿಸುತ್ತಿದ್ದರು. "ನಿಮ್ಮ ಭಾಷೆ, ದೇವರು, ಜಗಳ ಯಾವುದನ್ನೂ ಚಪ್ಪಲಿ ಜೊತೆ ಹೊರಗೆ ಬಿಡಬೇಡಿ, ಒಳಗೇ ತನ್ನಿ. ಎದುರಿನವರ ಕೋಲಿಗೆ ಸರಿಯಾಗಿ ಕೋಲು ಕೊಡಿ, ಸಾಕು." ಜೋರಾಗಿ ಹೊಡೆದರೆ ಸೊಕ್ಕು, ಮೆಲ್ಲಗೆ ಹೊಡೆದರೆ ತಾತ್ಸಾರ. ಎರಡಕ್ಕೂ ಬೈಗುಳ.

ಕೋಲು ತರಲು ನಾನು ಆ ತರಗತಿಗೆ ಹೋದಾಗ ಮಕ್ಕಳು ತಾವೇ ಆಡುತ್ತಿದ್ದರು. ಒಳಗೊಂದು ಸುತ್ತು, ಹೊರಗೊಂದು. ಪ್ರತಿ ಹೊಡೆತಕ್ಕೂ ಎದುರಿನವರು ಬದಲು. ಒಳಸುತ್ತಿನಲ್ಲಿ ನನ್ನ ಗಂಡ ನಿಲ್ಲುತ್ತಿದ್ದ ಜಾಗ ಖಾಲಿ. ಅಲ್ಲಿಗೆ ಬಂದವರು ಗಾಳಿಗೆ ಕೋಲು ಬೀಸಿ ಮುಂದೆ ಸಾಗುತ್ತಿದ್ದರು.

ಅವರ ಕೋಲುಗಳನ್ನು ನನ್ನ ಕೈಗಿಟ್ಟವಳು 'ಗಡಿಯಾರ'. ಎಂದೂ ಹೊತ್ತಿಗೆ ಸರಿಯಾಗಿ ಬರುವವಳಲ್ಲವೆಂದು ಅವರಿಟ್ಟ ಹೆಸರು. ಕನ್ನಡವನ್ನು ಈ ತರಗತಿಯಲ್ಲೇ ಕಲಿತವಳು.

"ಅಕ್ಕಾ, ಒಂದ್ಸಲ ನಿಲ್ತೀರಾ? ನಮಗೆ ಒಬ್ರು ಕಮ್ಮಿ."

"ನಂಗೆಲ್ಲಿ ಬರತ್ತಮ್ಮ?"

"ಅಡುಗೆಮನೇಲಿ ಸೌಟು ಹಿಡಿಸಿ ಹೇಳಿಕೊಟ್ಟಿದೀನಿ ಅಂತಿದ್ರು ಸರ್."

ಅದನ್ನೂ ಹೇಳಿದ್ದರೇ?

ನಿಂತೆ. ಒಬ್ಬೊಬ್ಬರೂ ಎದುರು ಬಂದು, ನಿದ್ದೆ ಹೋದ ಮಗುವಿನ ಕೆನ್ನೆ ಮುಟ್ಟಿದಂತೆ ನನ್ನ ಕೋಲನ್ನು ಸವರಿ ಹೋದರು. ಸದ್ದೇ ಇಲ್ಲ. ನಾನು ನಿಂತಿದ್ದರೂ ಆ ಜಾಗ ಖಾಲಿಯೇ ಇತ್ತು.

ಗಡಿಯಾರ ಎದುರಾದಾಗ ಅಂದೆ, "ಕನಿಕರ ಬೇಡ ಕಣೇ. ಅವರಿಗೆ ಹೊಡೀತಿದ್ದ ಹಾಗೇ ಹೊಡಿ."

ಹೊಡೆದಳು. ನಾನೂ ಕೊಟ್ಟೆ. ಎಷ್ಟೋ ದಿನಗಳ ಮೇಲೆ ಕೈಗೆ ಏನೋ ತಾಗಿದ್ದು ತಿಳಿಯಿತು. ಕೋಲು ಗುಳಿಯ ನಡುವೆಯೇ ಸೀಳಿ ಎರಡು ತುಂಡಾಯಿತು.

"ಅಯ್ಯೋ ಅಕ್ಕಾ! ಅಯ್ಯೋ, ಸರ್ ಕೋಲು..."

"ಅಳಬೇಡ. ತಾಳ ಸರಿಯಾಗಿತ್ತು," ಎಂದೆ. ನಾನು ಅಳಲಿಲ್ಲ.

ಮನೆಯಲ್ಲಿ ಅತ್ತೆಯ ಮುಂದೆ ಎಲ್ಲವನ್ನೂ ಇಟ್ಟೆ. ಅವರ ಬೆರಳು ಗುಳಿಯನ್ನು ಹುಡುಕಿತು. ಅರ್ಧ ಒಂದು ತುಂಡಿನಲ್ಲಿ, ಅರ್ಧ ಇನ್ನೊಂದರಲ್ಲಿ.

"ಬಿದ್ದು ಮುರೀತಾ?"

"ಇಲ್ಲ ಅತ್ತೆ. ಆಡಿದ್ವಿ."

ಬೈಯುತ್ತಾರೆಂದು ಕಾದೆ. ಅವರು ಮುರಿಯದ ಕೋಲನ್ನು ನನ್ನ ಕಡೆ ಸರಿಸಿದರು.

"ಇದು ಚೆನ್ನಾಗೇ ಇದೆಯಲ್ಲ. ಯಾಕೆ ತಂದೆ? ಆ ಮಕ್ಕಳಿಗೆ ಬೇಡ್ವಾ?"

"ಒಂದೇ ಕೋಲು ಇಟ್ಕೊಂಡು ಹೇಗೆ ಆಡೋದು ಅತ್ತೆ?"

ಅತ್ತೆ ತುಂಡುಗಳನ್ನು ಮಡಿಲಲ್ಲಿ ಜೋಡಿಸುತ್ತಿದ್ದರು. ಒತ್ತಿ ಹಿಡಿದಾಗ ಸೀಳು ಕೂಡುತ್ತಿತ್ತು. ಕೈ ತೆಗೆದರೆ ಬಿಡುತ್ತಿತ್ತು. ಮತ್ತೆ ಒತ್ತಿ ಹಿಡಿಯುತ್ತಿದ್ದರು.