ಜೇಬಿನ ಪ್ರಾರ್ಥನೆಗಳು

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳು ಮೇಷ್ಟ್ರು ಆಕೆಯ ನೆನಪಿಗೆಂದು ಉಳಿಸಿಕೊಂಡಿದ್ದ ಒಂದೇ ಶಾಲನ್ನು ತಮ್ಮ ಅಂಗಿಗಳ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಮೆಷಿನ್ ಅರ್ಧದಲ್ಲೇ ನಿಂತಿತು. ಗಾಜಿನಾಚೆ ಶಾಲು ನೀರಿನಲ್ಲಿ ಮುಳುಗಿತ್ತು, ಬಾಗಿಲು ತೆರೆಯಲೊಲ್ಲದು. ನಲವತ್ತು ವರ್ಷ ಪುಂಡ ಹುಡುಗರನ್ನು ಗದರಿಸಿದ ಗಂಟಲಿಗೂ ಅದು ಜಗ್ಗಲಿಲ್ಲ. ಗಾಬರಿಯಿಂದ ಮಗಳಿಗೆ ಫೋನ್ ಮಾಡಿದರು.

"ಕೆಳಗಡೆ ಚಿಕ್ಕ ಮುಚ್ಚಳ ಇದೆಯಲ್ಲಪ್ಪ, ಅದರೊಳಗೆ ಫಿಲ್ಟರ್ ಇದೆ. ಯಾವಾಗ ತೊಳೆದ್ರಿ?"

"ತೊಳೆಯೋ ಯಂತ್ರನೂ ತೊಳೀಬೇಕಾ?"

"ಅಯ್ಯೋ ದೇವರೇ! ಅಮ್ಮ ತಿಂಗಳಿಗೊಂದ್ಸಲ ತೊಳೀತಿದ್ರು. ತಟ್ಟೆ ಇಟ್ಟು ನಿಧಾನಕ್ಕೆ ತಿರುಗಿಸಿ."

'ಗುಂಡಿ ಒತ್ತೋದೂ ಒಂದು ಕೆಲಸವೇ' ಎಂದು ಹೆಂಡತಿಯನ್ನು ಹಂಗಿಸುತ್ತಿದ್ದ ಮಹಾನುಭಾವರು ನೆಲದ ಮೇಲೆ ಬೋರಲು ಮಲಗಿ ತಿರುಗಿಸಿದರು. ತಟ್ಟೆ ತುಂಬಿ ಹರಿದ ನೀರು ಅವರನ್ನೂ ತೊಳೆಯಿತು. ಫಿಲ್ಟರಿನಲ್ಲಿ ಕಾಗದದ ಮುದ್ದೆಯಿತ್ತು. ದಿನವೂ ಚೀಟಿಯಲ್ಲಿ ಪ್ರಾರ್ಥನೆ ಬರೆದು ಜೇಬಿಗಿಡುವುದು ಅವರ ವಾಡಿಕೆ. ಒಗೆಯುವ ಮೊದಲು ತಡವಿ ತೆಗೆದಿಡುವುದು ಆಕೆಯದು.

"ಏನು ಸಿಕ್ತಪ್ಪ?"

"ನನ್ನ ಭಕ್ತಿ ಕಣಮ್ಮ. ದೇವರನ್ನ ಮುಟ್ಟೋ ಮೊದಲು ಇಲ್ಲೇ ಸಿಕ್ಕಿಹಾಕ್ಕೊಂಡಿದೆ."

ನೀರೆಲ್ಲ ಇಳಿದ ಮೇಲೆ ಬಾಗಿಲು ತೆರೆಯಿತು. ಶಾಲಿಗೇನೂ ಆಗಿರಲಿಲ್ಲ, ಮೈತುಂಬ ಬಿಳಿಯ ಚೂರುಗಳು ಅಂಟಿದ್ದವು, ಅಷ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಒಂದೊಂದನ್ನೇ ಹೆಕ್ಕತೊಡಗಿದರು.